ಹೊಸ ಧರ್ಮಕೇಂದ್ರದ ಗುರುಗಳ ಪರಿಚಯ ಮಾಡಿಕೊಳ್ಳುವುದು ಹೇಗೆ?

ಹೊಸ ಬಿಡಾರ

ಮನೆ ಬದಲಾಯಿಸಿದವರಿಗೆ ಹೊಸ ಧರ್ಮಕೇಂದ್ರದಲ್ಲಿ (ಕಥೋಲಿಕ ಚರ್ಚಿನ ಪ್ಯಾರಿಷ್) ಭಾನುವಾರದ ಪೂಜೆಗೆ ಹೋಗಿ ಬರುವುದು ಕಷ್ಟವೇನಲ್ಲ. ಆದರೆ ಅಲ್ಲಿನ ಗುರುಗಳಿಗೆ ನಾವು ಯಾರು ಅಂತ ಗೊತ್ತಾಗುವುದಕ್ಕೇ ವರ್ಷ ಕಳೆದುಹೋಗುತ್ತದೆ. ಪೂಜೆ ಮುಗಿದ ಕೂಡಲೇ ಅವರ ಸುತ್ತ ಜನ ಮುತ್ತಿಕೊಂಡಿರುತ್ತಾರೆ, ಕಚೇರಿಗೆ ಹೋಗೋಣ ಅಂದರೆ ಯಾವ ಕಾರಣ ಹೇಳಿಕೊಂಡು ಹೋಗುವುದು ಅನ್ನುವ ಸಂಕೋಚ. ಮೊದಲು ಎಲ್ಲಿ, ಯಾವಾಗ ಮಾತಾಡಿಸಬೇಕು? ಹೆಸರು ನೋಂದಾಯಿಸಲು ಏನೇನು ಒಯ್ಯಬೇಕು? ಮನೆಗೆ ಕರೆಯುವುದು ಯಾವಾಗ ಸರಿ? ಹಾಸಿಗೆ ಹಿಡಿದ ಹಿರಿಯರಿರುವ ಮನೆಯವರು ಏನು ಮಾಡಬೇಕು? ಚರ್ಚಿನ ಕೆಲಸ ಹತ್ತಿರದಿಂದ ಬಲ್ಲವರು ತಮ್ಮ ಬಳಕೆಹೆಸರಿನಡಿ ಬಿಡಿಸಿ ಬರೆಯಿರಿ, ದಯವಿಟ್ಟು.

ಪೀಠಸೇವೆ

ಮೊದಲು ಯಾವಾಗ ಮಾತಾಡಿಸಬಾರದು ಅನ್ನುವುದನ್ನು ಹೇಳಿಬಿಡುತ್ತೇನೆ. ಪೂಜೆ ಶುರುವಾಗುವ ಮುಂಚಿನ ಹದಿನೈದು ನಿಮಿಷ ಬೇಡವೇ ಬೇಡ. ಆ ಹೊತ್ತಿಗೆ ಸಕ್ರಿಸ್ತಿಯಲ್ಲಿ (ಗುರುಗಳು ಪೂಜೆಗೆ ಸಿದ್ಧರಾಗುವ ಕೋಣೆ) ಏನು ನಡೆಯುತ್ತಿರುತ್ತದೆ ನೋಡಿ: ಪೂಜಾಗ್ರಂಥದಲ್ಲಿ ಆ ದಿನದ ಪುಟಗಳಿಗೆ ರಿಬ್ಬನ್ ಇಟ್ಟಿದೆಯೇ, ಎರಡನೇ ವಾಚನದವರು (ಬೈಬಲ್ ಭಾಗ ಓದುವವರು) ಬಂದಿದ್ದಾರೆಯೇ, ಜನಕ್ಕೆ ತಕ್ಕಷ್ಟು ರೊಟ್ಟಿ ಪಾತ್ರೆಯಲ್ಲಿದೆಯೇ, ಮೈಕ್ ಕೆಲಸ ಮಾಡುತ್ತಿದೆಯೇ ಅಂತ ಗುರುಗಳು ನೋಡುತ್ತಿರುತ್ತಾರೆ, ಜೊತೆಗೆ ಪ್ರಬೋಧನೆಯ (ಪೂಜೆಯಲ್ಲಿನ ಪ್ರಸಂಗ) ಮೊದಲ ಮಾತನ್ನು ಮನಸ್ಸಿನಲ್ಲೇ ತಿರುವಿ ಹಾಕುತ್ತಿರುತ್ತಾರೆ. ಪೂಜೆಗೆ ಮುಂಚೆ ದೇವಾಲಯದಲ್ಲೂ ಸಕ್ರಿಸ್ತಿಯಲ್ಲೂ ಮೌನ ಇರಲಿ ಅಂತ ಪೂಜಾವಿಧಿಯ ಸಾಮಾನ್ಯ ನಿರ್ದೇಶನವೇ ಹೇಳುತ್ತದೆ. ಆಗ ಹೋಗಿ ಪರಿಚಯ ಹೇಳಿಕೊಂಡರೆ ಅವರು ನಕ್ಕು ತಲೆಯಾಡಿಸುತ್ತಾರೆ, ಪೂಜೆಯ ನಡುವಿನ ಅರ್ಪಣೆಯ ಹೊತ್ತಿಗೆ ನಿಮ್ಮ ಹೆಸರು ಮರೆತೇ ಹೋಗಿರುತ್ತದೆ. ಅದು ಅವರ ತಪ್ಪಲ್ಲ.

ಭಾನುವಾರ ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ನಿಂತಾಗ ಮಾತಾಡಿಸಬಹುದು, ಆದರೆ ನಿಮಗೆ ಸಿಗುವುದು ಅರ್ಧ ನಿಮಿಷ. ಸಾಲಿನ ಮಧ್ಯೆ ನುಗ್ಗುವುದಕ್ಕಿಂತ ಕೊನೆಯಲ್ಲಿ ನಿಲ್ಲಿ. ಹೇಳಬೇಕಾದದ್ದು ಇಷ್ಟೇ: ಹೆಸರು, ಮನೆ ಯಾವ ಕಡೆ, ಬಂದು ಎಷ್ಟು ದಿನವಾಯಿತು, ಆಮೇಲೆ ಒಂದು ಚಿಕ್ಕ ಕೇಳಿಕೆ. "ನಮಸ್ಕಾರ ಫಾದರ್. ನಾವು ಹೋದ ತಿಂಗಳು ಕೆರೆ ಪಕ್ಕದ ಬೀದಿಗೆ ಬಂದ ಕುಟುಂಬ, ನಾಲ್ಕು ಜನ. ಹೆಸರು ಬರೆಸಬೇಕಿತ್ತು, ಈ ವಾರ ಯಾವ ದಿನ ಕಚೇರಿಗೆ ಬರಲಿ?" ಇಂಥ ಪ್ರಶ್ನೆಗೆ ಅವರು ಒಂದು ದಿನ ಹೇಳಲೇಬೇಕಾಗುತ್ತದೆ, ಅಲ್ಲಿಗೆ ಎರಡನೇ ಭೇಟಿ ಗೊತ್ತಾಯಿತು. ಬರಿದೇ "ಹೊಸಬರು ಫಾದರ್" ಅಂದರೆ "ಒಳ್ಳೇದು, ಬನ್ನಿ ಬನ್ನಿ" ಅನ್ನುವುದರಲ್ಲಿ ಮಾತು ಮುಗಿದುಹೋಗುತ್ತದೆ.

ಇದಕ್ಕಿಂತ ಒಳ್ಳೆಯ ದಾರಿ ವಾರದ ದಿನದ ಪೂಜೆ. ಜನ ಕಡಿಮೆ, ಮುಖಗಳು ಕಾಣುತ್ತವೆ. ವಾರಕ್ಕೊಂದು ದಿನ, ಅದೇ ದಿನ, ಮುಂದಿನ ಸಾಲುಗಳಲ್ಲಿ ಎಲ್ಲಾದರೂ ಕುಳಿತರೆ ಒಂದೆರಡು ತಿಂಗಳಲ್ಲಿ ಮುಖ ಪರಿಚಯ ತಾನಾಗಿಯೇ ಆಗುತ್ತದೆ. ಪೂಜೆಯಾದ ಮೇಲೆ ಕೆಲವು ಗುರುಗಳು ಐದು ನಿಮಿಷ ಮೌನವಾಗಿ ಕೃತಜ್ಞತಾ ಪ್ರಾರ್ಥನೆ ಮಾಡುತ್ತಾರೆ, ಅವರು ಸಕ್ರಿಸ್ತಿಯಿಂದ ಹೊರಬರುವ ತನಕ ಕಾಯಿರಿ.

ಮುಂದಿನ ಸಲ ಸಿಕ್ಕಾಗ "ನೆನಪಿದೆಯಾ ಫಾದರ್?" ಅಂತ ಕೇಳಬೇಡಿ. ನೂರಾರು ಕುಟುಂಬ ನೋಡುವವರಿಗೆ ಅದು ಪರೀಕ್ಷೆ ಇಟ್ಟಂತೆ. ಹೆಸರನ್ನು ಇನ್ನೊಮ್ಮೆ ನೀವೇ ಹೇಳಿ. ಮೂರನೇ ಸಲವೂ ಹೇಳಿ.

ದಾಖಲೆ ಪುಸ್ತಕ

ಕಚೇರಿಯ ಕಡೆಯದನ್ನು ನಾನು ಬರೆಯುತ್ತೇನೆ. ಹೆಸರು ಬರೆಸಿದರೆ ಮಾತ್ರ ಆ ಧರ್ಮಕೇಂದ್ರಕ್ಕೆ ಸೇರಿದಂತೆ ಅಂತ ಬಹಳ ಜನ ತಿಳಿದಿದ್ದಾರೆ, ಹಾಗಲ್ಲ. ಕಥೋಲಿಕ ಚರ್ಚಿನ 1983ರ ಕಾನೂನು ಸಂಹಿತೆಯ (ಅದರ ಒಂದೊಂದು ಕಲಮೂ ಒಂದು ಕ್ಯಾನನ್) ಪ್ರಕಾರ ಧರ್ಮಕೇಂದ್ರ ಸಾಮಾನ್ಯವಾಗಿ ಒಂದು ಎಲ್ಲೆಗೆ ಸೇರಿದ್ದು. ಖಾಯಂ ಇರುವ ಉದ್ದೇಶದಿಂದ ಮನೆ ಹೂಡಿದರೆ ಅವತ್ತಿನಿಂದಲೇ ಅಲ್ಲಿನ ಗುರುಗಳು ನಿಮ್ಮ ಗುರುಗಳು. ಕನಿಷ್ಠ ಮೂರು ತಿಂಗಳು ಇರುತ್ತೇವೆ ಅನ್ನುವ ಉದ್ದೇಶವಿದ್ದರೂ ಸಾಕು (ಕ್ಯಾನನ್ 102 ಮತ್ತು 107). ಹಾಗಾಗಿ ಬಾಡಿಗೆ ಮನೆಯವರು, ಹಾಸ್ಟೆಲಿನಲ್ಲಿ ಓದುವ ಮಕ್ಕಳು "ನಾವು ಇಲ್ಲಿಯವರಲ್ಲ" ಅಂತ ಹಿಂದೆ ನಿಲ್ಲಬೇಕಾಗಿಲ್ಲ. ಆದರೂ ನೋಂದಣಿ ಬೇಕು, ಯಾಕೆಂದರೆ ನೀವು ಆ ಎಲ್ಲೆಯೊಳಗೆ ಇದ್ದೀರಿ ಅಂತ ಗುರುಗಳಿಗೆ ತಿಳಿಯುವುದು ಅದರಿಂದಲೇ.

ಒಂದು ಹಾಳೆಯಲ್ಲಿ ಎಲ್ಲ ಬರೆದುಕೊಂಡು ಹೋಗಿ. ಪ್ರತಿಯೊಬ್ಬರ ಹೆಸರು, ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಹೆಸರು ಬೇರೆ ಇದ್ದರೆ ಅದೂ. ಹುಟ್ಟಿದ ದಿನ. ದೀಕ್ಷಾಸ್ನಾನ, ಮೊದಲ ಪರಮಪ್ರಸಾದ (ಪೂಜೆಯಲ್ಲಿ ಪವಿತ್ರಗೊಳಿಸಿ ಕೊಡುವ ರೊಟ್ಟಿ), ದೃಢೀಕರಣ (ಕನ್ಫರ್ಮೇಶನ್) ಆದ ದಿನ ಮತ್ತು ಚರ್ಚು. ಮದುವೆಯ ದಿನ ಮತ್ತು ಚರ್ಚು. ಕೊನೆಗೆ ವಿಳಾಸ, ಫೋನ್ ನಂಬರು, ಮನೆಯಲ್ಲಿ ಹೊರಗೆ ಹೋಗಲಾರದವರು ಯಾರಾದರೂ ಇದ್ದರೆ ಅವರ ಹೆಸರು. ಪ್ರಮಾಣಪತ್ರಗಳ ಜೆರಾಕ್ಸ್ ಇಟ್ಟುಕೊಳ್ಳಿ, ಮೂಲ ಪ್ರತಿ ಬಿಟ್ಟು ಬರಬೇಡಿ. ಹಿಂದಿನ ಧರ್ಮಕೇಂದ್ರದಿಂದ ಪತ್ರ ತರುವ ರೂಢಿ ಇದ್ದರೆ ಅದನ್ನೂ ತನ್ನಿ. ಇಲ್ಲದಿದ್ದರೆ ಅದಕ್ಕಾಗಿ ನೋಂದಣಿ ಮುಂದೂಡಬೇಡಿ.

ಇಲ್ಲಿ ಒಂದು ಗೊಂದಲ ಪದೇ ಪದೇ ಆಗುತ್ತದೆ. ನಿಮ್ಮ ದೀಕ್ಷಾಸ್ನಾನದ ದಾಖಲೆ ನಿಮ್ಮ ಜೊತೆ ಊರು ಬದಲಾಯಿಸುವುದಿಲ್ಲ. ಅದು ದೀಕ್ಷಾಸ್ನಾನ ಆದ ಚರ್ಚಿನ ಪುಸ್ತಕದಲ್ಲೇ ಕೊನೆಯ ತನಕ ಇರುತ್ತದೆ. ಆಮೇಲೆ ಆಗುವ ದೃಢೀಕರಣ, ಮದುವೆ, ಗುರುದೀಕ್ಷೆ, ಎಲ್ಲದರ ಸುದ್ದಿ ಅಲ್ಲಿಗೇ ಹೋಗಿ ಅದೇ ಸಾಲಿನ ಪಕ್ಕದಲ್ಲಿ ಬರೆಯಲ್ಪಡಬೇಕು (ಕ್ಯಾನನ್ 535). ಮದುವೆಗೆ ಹೊಸದಾಗಿ ತೆಗೆಸಿದ ದೀಕ್ಷಾಸ್ನಾನ ಪತ್ರ ಕೇಳುವುದು ಈ ಕಾರಣಕ್ಕೆ. ಸಾಮಾನ್ಯವಾಗಿ ಆರು ತಿಂಗಳೊಳಗಿನದು ಬೇಕು. ಇಪ್ಪತ್ತು ವರ್ಷ ಹಿಂದಿನ ಪತ್ರದಲ್ಲಿ ಆ ಪಕ್ಕದ ಟಿಪ್ಪಣಿಗಳು ಇರುವುದಿಲ್ಲ, ಆ ವ್ಯಕ್ತಿಗೆ ಮದುವೆ ಆಗಿದೆಯೋ ಇಲ್ಲವೋ ಅದರಿಂದ ತಿಳಿಯದು. "ಪತ್ರ ಕೊಟ್ಟರೂ ಫಾದರ್ ಒಪ್ಪಲಿಲ್ಲ" ಅಂತ ಮನಸ್ತಾಪ ಮಾಡಿಕೊಂಡು ಹೊಸ ಗುರುಗಳ ಜೊತೆ ಸಂಬಂಧ ಶುರು ಮಾಡುವವರು ಇದನ್ನು ತಿಳಿದಿದ್ದರೆ ಅರ್ಧ ಜಗಳ ಇರುವುದಿಲ್ಲ.

ಹೆಸರಿನ ಕಾಗುಣಿತ ಒಂದೊಂದು ಪತ್ರದಲ್ಲಿ ಒಂದೊಂದು ಥರ ಇದ್ದರೆ ಮೊದಲ ದಿನವೇ ಹೇಳಿಬಿಡಿ. ಮದುವೆಗೆ ಎರಡು ವಾರ ಇದೆ ಅನ್ನುವಾಗ ಅದು ಹೊರಬಂದರೆ ಎಲ್ಲರಿಗೂ ಓಡಾಟ.

ನಿಯಮಾವಳಿ

ಸಂಕೋಚದ ಮಾತು ಬಂತಲ್ಲ, ಅದಕ್ಕೊಂದು ಉತ್ತರ. ಧರ್ಮಕೇಂದ್ರದ ಗುರುಗಳು ತಮಗೆ ಒಪ್ಪಿಸಿದ ಜನರನ್ನು ಪರಿಚಯ ಮಾಡಿಕೊಳ್ಳಲು ಶ್ರಮಿಸಬೇಕು, ಕುಟುಂಬಗಳನ್ನು ಭೇಟಿ ಮಾಡಬೇಕು, ಅವರ ಚಿಂತೆ ದುಃಖಗಳಲ್ಲಿ ಪಾಲುಗೊಳ್ಳಬೇಕು, ರೋಗಿಗಳನ್ನೂ ಸಾವಿನ ಹೊಸ್ತಿಲಲ್ಲಿರುವವರನ್ನೂ ವಿಶೇಷವಾಗಿ ಆರೈಕೆ ಮಾಡಬೇಕು ಅಂತ ಕ್ಯಾನನ್ 529 ಹೇಳುತ್ತದೆ. ನೀವು ಹೋಗಿ ಹೆಸರು ಹೇಳಿದರೆ ಅವರ ಸಮಯ ಹಾಳು ಮಾಡಿದಂತಲ್ಲ, ಅವರ ಕೆಲಸ ಹಗುರ ಮಾಡಿದಂತೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಪ್ರತಿ ಭಾನುವಾರ ಮತ್ತು ಕಡ್ಡಾಯ ಹಬ್ಬದ ದಿನ ಧರ್ಮಕೇಂದ್ರದ ಗುರುಗಳು ಒಂದು ಪೂಜೆಯನ್ನು ತಮ್ಮ ಎಲ್ಲ ಜನರಿಗಾಗಿ ಅರ್ಪಿಸಲೇಬೇಕು (ಕ್ಯಾನನ್ 534). ಅಂದರೆ ನಿಮ್ಮ ಹೆಸರು ಅವರಿಗೆ ಗೊತ್ತಾಗುವ ಮುಂಚೆಯೇ ನೀವು ಅವರ ಪೂಜೆಯೊಳಗೆ ಇದ್ದೀರಿ. ನನಗೆ ಈ ನಿಯಮದ ಬಗ್ಗೆ ತುಂಬ ಗೌರವ.

ಯಾರು ಯಾರು ಅನ್ನುವುದೂ ತಿಳಿದಿರಲಿ. ಧರ್ಮಕೇಂದ್ರದ ಹೊಣೆ ಇರುವುದು ಒಬ್ಬ ಗುರುವಿಗೆ, ಸಹಾಯಕ ಗುರುಗಳು ಅವರ ಜೊತೆಗೆ ದುಡಿಯುತ್ತಾರೆ. ಡೀಕನ್ (ಗುರುಗಳಿಗಿಂತ ಕೆಳಗಿನ ದೀಕ್ಷೆ ಪಡೆದ ಸೇವಕರು) ಇದ್ದರೆ ಅವರು ದೀಕ್ಷಾಸ್ನಾನ ಕೊಡಬಹುದು, ಅಧಿಕಾರ ಕೊಟ್ಟಿದ್ದರೆ ಮದುವೆ ನಡೆಸಿಕೊಡಬಹುದು, ಪ್ರಬೋಧನೆ ಮಾಡಬಹುದು. ಪೂಜೆ ಅರ್ಪಿಸಲು, ಪಾಪನಿವೇದನೆ (ಕನ್ಫೆಷನ್) ಕೇಳಲು, ರೋಗಿಗಳಿಗೆ ತೈಲಾಭ್ಯಂಗ (ಪವಿತ್ರ ತೈಲ ಲೇಪಿಸುವ ಸಂಸ್ಕಾರ) ಮಾಡಲು ಗುರುಗಳೇ ಬೇಕು. ಸಹಾಯಕ ಗುರುಗಳ ಪರಿಚಯವೂ ಅಷ್ಟೇ ಮುಖ್ಯ. ರಾತ್ರಿ ಫೋನ್ ಬಂದರೆ ಹೊರಡುವವರು ಎಷ್ಟೋ ಸಲ ಅವರೇ.

ಗಾಯನ ಬಳಗ

ಪರಿಚಯ ಬೆಳೆಯುವುದು ಕೆಲಸದಲ್ಲಿ. ಒಂದು ಕೆಲಸ ಹಿಡಿಯಿರಿ, ಒಂದೇ. ಪೂಜೆಯ ನಂತರ ಹಾಡಿನ ಪುಸ್ತಕ ಜೋಡಿಸುವುದು, ಪೀಠದ ಹೂವು, ವಾಚನ, ಧರ್ಮೋಪದೇಶದ ತರಗತಿಗೆ ಸಹಾಯ, ಯಾವುದಾದರೂ ಆದೀತು. ಆದರೆ ನೇರವಾಗಿ ಗುರುಗಳ ಹತ್ತಿರ ಹೋಗಿ "ನಾನು ಹಾಡ್ತೀನಿ" ಅನ್ನುವುದಕ್ಕಿಂತ ಆ ಗುಂಪಿನ ಮುಖ್ಯಸ್ಥರನ್ನು ಮೊದಲು ಕಾಣಿರಿ. ಗುರುಗಳ ಮೂಲಕ ಮೇಲಿನಿಂದ ಇಳಿದುಬಂದವರನ್ನು ಗುಂಪು ಅನುಮಾನದಿಂದ ನೋಡುತ್ತದೆ, ಆ ಇರುಸುಮುರುಸು ಕೊನೆಗೆ ಗುರುಗಳ ಮೇಜಿಗೇ ಬರುತ್ತದೆ.

ವಾಚನಕ್ಕೆ ಒಪ್ಪಿಕೊಂಡರೆ ಆ ಭಾಗವನ್ನು ಬುಧವಾರ ಗುರುವಾರದ ಹೊತ್ತಿಗೇ ತೆಗೆದು ಗಟ್ಟಿಯಾಗಿ ನಾಲ್ಕು ಸಲ ಓದಿ. ಬೈಬಲಿನ ಪೌಲನ ಪತ್ರಗಳಲ್ಲಿ ವಾಕ್ಯ ಉದ್ದ, ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಹೆಸರುಗಳ ಉಚ್ಚಾರಣೆಯಲ್ಲಿ ಅನುಮಾನ ಬಂದರೆ ಶನಿವಾರವೇ ಕೇಳಿಕೊಳ್ಳಿ. ತಯಾರಾಗಿ ಬಂದು ಓದುವವರನ್ನು ಗುರುಗಳು ಬೇಗ ಗುರುತಿಸುತ್ತಾರೆ, ಯಾಕೆಂದರೆ ಅವರ ಪ್ರಬೋಧನೆ ನಿಲ್ಲುವುದು ಆ ಓದಿನ ಮೇಲೆ.

ಕೆಡುವುದು ಎಲ್ಲಿ ಅಂದರೆ, "ನಮ್ಮ ಹಳೇ ಚರ್ಚಿನಲ್ಲಿ ಹೀಗೆ ಮಾಡ್ತಿದ್ದೆವು" ಅನ್ನುವ ಮಾತಿನಲ್ಲಿ. ಅದು ಎಷ್ಟೇ ಒಳ್ಳೆಯ ಸಲಹೆ ಆಗಿರಲಿ, ಒಂದು ವರ್ಷ ಒಳಗಿಟ್ಟುಕೊಳ್ಳಿ. ಆಗಮನ ಕಾಲದಿಂದ (ಕ್ರಿಸ್ಮಸ್‌ಗೆ ಮುಂಚಿನ ವಾರಗಳು) ಆಗಮನ ಕಾಲದ ತನಕ ಒಂದು ಸುತ್ತು ನೋಡಿದರೆ ಆ ರೂಢಿ ಇಲ್ಲಿ ಯಾಕಿಲ್ಲ ಅನ್ನುವುದು ನಿಮಗೇ ತಿಳಿಯುತ್ತದೆ.

ಹೊಸ ಬಿಡಾರ

ಎಲ್ಲರಿಗೂ ಧನ್ಯವಾದ. ಇನ್ನೆರಡು ಪ್ರಶ್ನೆ. ಪರಿಚಯವಾದ ಗುರುಗಳ ಹತ್ತಿರವೇ ಪಾಪನಿವೇದನೆ ಮಾಡಲು ಕೆಲವರಿಗೆ ಮುಜುಗರ. ಅದಕ್ಕೇನು ಮಾಡಬೇಕು? ಎರಡನೆಯದು, ರೋಗಿಗಳಿರುವ ಮನೆಯ ವಿಷಯ ಇನ್ನೂ ಯಾರೂ ಬರೆದಿಲ್ಲ.

ಸಂಧ್ಯಾಪ್ರಾರ್ಥನೆ

ಪಾಪನಿವೇದನೆಗೆ ಇಂಥವರ ಹತ್ತಿರವೇ ಹೋಗಬೇಕು ಅನ್ನುವ ಕಟ್ಟುಪಾಡು ಇಲ್ಲ. ಅಧಿಕಾರ ಪಡೆದ ಯಾವ ಗುರುಗಳನ್ನಾದರೂ ಆರಿಸಿಕೊಳ್ಳಬಹುದು (ಕ್ಯಾನನ್ 991). ಪಕ್ಕದ ಧರ್ಮಕೇಂದ್ರಕ್ಕೆ ಹೋದರೆ ನಿಮ್ಮ ಗುರುಗಳಿಗೆ ಅವಮಾನವಾಗುವುದಿಲ್ಲ, ಅವರೂ ತಮ್ಮ ಪಾಪನಿವೇದನೆಗೆ ಇನ್ನೊಬ್ಬ ಗುರುಗಳ ಹತ್ತಿರವೇ ಹೋಗುತ್ತಾರೆ. ಗುರುಗಳಿಗೂ ನಿಮಗೂ ನಡುವಿನ ಜಾಲರಿಯ ಆಚೆ ಕೂರುವ ಹಕ್ಕೂ ನಿಮಗಿದೆ, ಮುಖ ತೋರಿಸಲೇಬೇಕು ಅಂತಿಲ್ಲ.

ಗುಟ್ಟಿನ ವಿಷಯದಲ್ಲಿ ಒಂದು ವ್ಯತ್ಯಾಸ ಸ್ಪಷ್ಟವಾಗಿರಲಿ. ಪಾಪನಿವೇದನೆಯ ಮುದ್ರೆಯನ್ನು, ಅಂದರೆ ಅಲ್ಲಿ ಕೇಳಿದ್ದರ ಗುಟ್ಟನ್ನು, ಯಾವ ಕಾರಣಕ್ಕೂ ಒಡೆಯುವಂತಿಲ್ಲ. ನೇರವಾಗಿ ಒಡೆದ ಗುರು ಆ ಕ್ಷಣವೇ ಬಹಿಷ್ಕಾರಕ್ಕೆ ಒಳಗಾಗುತ್ತಾರೆ. ಅಲ್ಲಿ ತಿಳಿದದ್ದನ್ನು ನಿಮಗೆ ತೊಂದರೆಯಾಗುವಂತೆ ಬಳಸುವುದೂ ನಿಷಿದ್ಧ, ಗುಟ್ಟು ಹೊರಬೀಳದಿದ್ದರೂ ನಿಷಿದ್ಧ. ಆದ್ದರಿಂದ ಹೊರಗೆ ಸಿಕ್ಕಾಗ ಅವರು ಆ ಮಾತನ್ನು ತಾವಾಗಿ ಎತ್ತುವುದಿಲ್ಲ. "ಅಷ್ಟೆಲ್ಲ ಹೇಳಿಕೊಂಡೆ, ಆಮೇಲೆ ಹೇಗಿದ್ದೀರಿ ಅಂತಲೂ ಕೇಳಲಿಲ್ಲ" ಅಂತ ನೊಂದುಕೊಳ್ಳಬೇಡಿ. ಆ ವಿಷಯ ಮುಂದುವರಿಸಬೇಕಿದ್ದರೆ ನೀವೇ ಶುರು ಮಾಡಬೇಕು. ಇನ್ನು ಕಚೇರಿಯಲ್ಲಿ ಕುಳಿತು ಸಲಹೆ ಕೇಳುವಾಗ ಹೇಳಿದ್ದು ಬೇರೆ. ಅದನ್ನೂ ಅವರು ಕಾಪಾಡಬೇಕು ನಿಜ, ಆದರೆ ಅದಕ್ಕೆ ಸಂಸ್ಕಾರದ ಮುದ್ರೆ ಇರುವುದಿಲ್ಲ.

ಪಾಪನಿವೇದನೆಯ ಪೀಠ ಪರಿಚಯ ಹೇಳಿಕೊಳ್ಳುವ ಜಾಗವಲ್ಲ. ಮಗುವಿನ ದೀಕ್ಷಾಸ್ನಾನದ ದಿನ ಯಾವುದು, ಶಾಲೆಗೆ ಶಿಫಾರಸು ಪತ್ರ ಸಿಗುತ್ತದೆಯೇ ಅಂತ ಅಲ್ಲಿ ಕೇಳಬಾರದು, ಹಿಂದೆ ಸಾಲು ನಿಂತಿರುತ್ತದೆ. ಬಹಳ ವರ್ಷಗಳ ನಂತರ ಮಾಡುತ್ತಿದ್ದೀರಾ, ಮಾತು ಉದ್ದವಾಗುತ್ತದೆಯಾ? ಹಾಗಾದರೆ ತಪಸ್ಸುಕಾಲದ (ಈಸ್ಟರ್‌ಗೆ ಮುಂಚಿನ ಪ್ರಾಯಶ್ಚಿತ್ತದ ದಿನಗಳು) ಕೊನೆಯ ವಾರ ಆರಿಸಿಕೊಳ್ಳಬೇಡಿ. ಬೇರೆ ದಿನ ಸಮಯ ಕೇಳಿ. "ಪಾಪನಿವೇದನೆಗೆ ಅರ್ಧ ಗಂಟೆ ಬೇಕಿತ್ತು ಫಾದರ್" ಅಂದರೆ ಸಾಕು, ಕಾರಣ ಹೇಳಬೇಕಾಗಿಲ್ಲ.

ಮೇಣದಬತ್ತಿ

ರೋಗಿಗಳ ವಿಷಯ ನಾನು ಬರೆಯುತ್ತೇನೆ, ತುಸು ಉದ್ದವಾದರೆ ಸಹಿಸಿಕೊಳ್ಳಿ. ಗುರುಗಳಿಗೂ ಒಂದು ಮನೆಗೂ ನಿಜವಾದ ಬಳಕೆ ಬೆಳೆಯುವುದು ಹಾಸಿಗೆಯ ಪಕ್ಕದಲ್ಲಿ.

ಆಸ್ಪತ್ರೆಗೆ ಸೇರಿಸಿದರೆ ಚರ್ಚಿಗೆ ತಾನಾಗಿ ಸುದ್ದಿ ಹೋಗುತ್ತದೆ ಅಂತ ಅಂದುಕೊಳ್ಳಬೇಡಿ, ನೀವೇ ಹೇಳಬೇಕು. ಫೋನಿನಲ್ಲಿ ಹೇಳಬೇಕಾದದ್ದು: ರೋಗಿಯ ಹೆಸರು, ವಯಸ್ಸು, ಕಾಯಿಲೆ, ಪ್ರಜ್ಞೆ ಇದೆಯೇ, ನುಂಗಲು ಆಗುತ್ತದೆಯೇ, ಕಿವಿ ಕೇಳುತ್ತದೆಯೇ, ಪಾಪನಿವೇದನೆ ಮಾಡುವ ಇಚ್ಛೆ ಇದೆಯೇ, ಮನೆಯಲ್ಲಿ ಇನ್ನೆಷ್ಟು ಜನ ಪರಮಪ್ರಸಾದ ಸ್ವೀಕರಿಸುತ್ತಾರೆ. ಕೊನೆಯದನ್ನು ಮರೆಯುವವರೇ ಹೆಚ್ಚು. ಗುರುಗಳು ಪುಟ್ಟ ಡಬ್ಬಿಯಲ್ಲಿ ಎಣಿಸಿ ತಂದಿರುತ್ತಾರೆ, ಮುಂದೆ ಇನ್ನೂ ಮೂರು ಮನೆ ಇರುತ್ತದೆ.

ಹಾಸಿಗೆಯ ಹತ್ತಿರ, ಮಲಗಿದವರಿಗೆ ಕಾಣುವಂತೆ ಚಿಕ್ಕ ಮೇಜು. ಮೇಲೆ ತೊಳೆದ ಬಿಳಿ ಬಟ್ಟೆ. ಒಂದು ಶಿಲುಬೆ, ಒಂದೋ ಎರಡೋ ಮೇಣದಬತ್ತಿ. ಆಕ್ಸಿಜನ್ ಹಾಕಿದ್ದರೆ ಮಾತ್ರ ಬತ್ತಿ ಹಚ್ಚಲೇಬಾರದು, ಬೆಂಕಿ ಹೊತ್ತುತ್ತದೆ. ಸಣ್ಣ ಲೋಟದಲ್ಲಿ ಕುಡಿಯುವ ನೀರು, ಚಮಚ, ಮಡಿಸಿದ ಶುಭ್ರ ಕರವಸ್ತ್ರ. ಔಷಧಿ ಬಾಟಲಿ, ಪತ್ರಿಕೆ, ಮೊಬೈಲ್ ಚಾರ್ಜರು ಆ ಮೇಜಿನಿಂದ ತೆಗೆಯಿರಿ. ಟಿವಿ ಆರಿಸಿ, ನಾಯಿ ಕಟ್ಟಿಹಾಕಿ. ಒಬ್ಬರು ಗೇಟಿನ ಹತ್ತಿರ ನಿಂತು ಸೀದಾ ಒಳಗೆ ಕರೆತನ್ನಿ. ಪರಮಪ್ರಸಾದ ಎದೆಗೆ ಹಿಡಿದು ಬರುವ ಗುರುಗಳನ್ನು ಹಜಾರದಲ್ಲಿ ಕೂರಿಸಿ ಕುಶಲ ವಿಚಾರಿಸುವುದು ಸಲ್ಲದು. ಮಾತು, ಕಾಫಿ ಎಲ್ಲ ಆಮೇಲೆ.

ನುಂಗಲು ಕಷ್ಟವಿದ್ದರೆ ಚಿಕ್ಕ ಚೂರು ಕೊಟ್ಟು ಚಮಚದಲ್ಲಿ ನೀರು ಕುಡಿಸಬಹುದು. ರೋಗಿಗಳಿಗೂ ವಯಸ್ಸಾದವರಿಗೂ ಅವರ ಆರೈಕೆ ಮಾಡುವವರಿಗೂ ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸದ ನಿಯಮ ಅನ್ವಯಿಸದು, ಮಾತ್ರೆಯ ಹೊತ್ತು ತಪ್ಪಿಸಬೇಡಿ. ರೋಗಿ ಪಾಪನಿವೇದನೆ ಮಾಡುವುದಾದರೆ ನೀವಾಗಿಯೇ ಹೊರಗೆ ಬನ್ನಿ, ಬಾಗಿಲು ಮುಂದಕ್ಕೆ ಎಳೆಯಿರಿ, ಒಳಗಿಂದ ಕರೆಯುವ ತನಕ ದೂರ ನಿಲ್ಲಿ.

ತೈಲಾಭ್ಯಂಗದ ಬಗ್ಗೆ ದೊಡ್ಡ ತಪ್ಪು ತಿಳಿವಳಿಕೆ ಇದೆ. ಅದು ಸಾಯುವವರಿಗೆ ಮಾತ್ರ ಅಂತ ಹೆದರಿ ಕೊನೆ ಗಳಿಗೆಯ ತನಕ ಕರೆಯುವುದಿಲ್ಲ. ಕಾಯಿಲೆಯಿಂದಲೋ ವೃದ್ಧಾಪ್ಯದಿಂದಲೋ ಅಪಾಯ ಶುರುವಾಗುವ ಹಂತದಲ್ಲೇ ಅದನ್ನು ಪಡೆಯಬಹುದು, ಗಂಭೀರ ಶಸ್ತ್ರಚಿಕಿತ್ಸೆಗೆ ಮುಂಚೆಯೂ ಪಡೆಯಬಹುದು. ಗುಣವಾಗಿ ಮತ್ತೆ ಬಿದ್ದರೆ, ಅದೇ ಕಾಯಿಲೆ ಉಲ್ಬಣಿಸಿದರೆ ಇನ್ನೊಮ್ಮೆ ಕೊಡಬಹುದು. ಹಣೆಗೂ ಕೈಗಳಿಗೂ ತೈಲ ಲೇಪಿಸುತ್ತಾರೆ. ಪ್ರಜ್ಞೆ ಇರುವಾಗ ಕರೆದರೆ ಆ ವ್ಯಕ್ತಿ ಪಾಪನಿವೇದನೆ ಮಾಡಬಹುದು, ಪರಮಪ್ರಸಾದ ಸ್ವೀಕರಿಸಬಹುದು, ಪ್ರಾರ್ಥನೆಗೆ "ಆಮೆನ್" ಅನ್ನಬಹುದು. ಉಸಿರು ನಿಂತ ಮೇಲೆ ಕರೆದರೆ ಗುರುಗಳು ಪ್ರಾರ್ಥಿಸುತ್ತಾರೆ, ಸಂಸ್ಕಾರ ಕೊಡಲಾಗದು. ಪ್ರಾಣ ಹೋಗಿದೆಯೋ ಇಲ್ಲವೋ ಅನ್ನುವ ಅನುಮಾನ ಇದ್ದರೆ ಕೊಡುತ್ತಾರೆ, ಆದ್ದರಿಂದ "ಇನ್ನೇನು ಪ್ರಯೋಜನ" ಅಂದುಕೊಂಡು ಫೋನ್ ಮಾಡದೇ ಇರಬೇಡಿ.

ಪೀಠಸೇವೆ

ಮೇಣದಬತ್ತಿ ಬರೆದದ್ದನ್ನು ಮುದ್ರಿಸಿ ಕಚೇರಿಯ ಗೋಡೆಗೆ ಅಂಟಿಸಬೇಕು.

ಮನೆಗೆ ಕರೆಯುವ ವಿಷಯ. ಹೊಸ ಮನೆಗೆ ಬಂದವರಿಗೆ ಅತ್ಯಂತ ಸಹಜವಾದ ಸಂದರ್ಭ ಮನೆ ಆಶೀರ್ವಾದ. ಅದಕ್ಕೊಂದು ಕ್ರಮ ಇದೆ, ಮಾಡಬೇಕಾದ ಕೆಲಸ ಇದೆ. ಹಾಗಾಗಿ ಮಾತಿಗೆ ತಡಕಾಡುವ ಪ್ರಸಂಗ ಬರುವುದಿಲ್ಲ. ಎಲ್ಲರೂ ಮನೆಯಲ್ಲಿರುವ ದಿನ ಗೊತ್ತು ಮಾಡಿ. ಮೇಜಿನ ಮೇಲೆ ಶಿಲುಬೆ, ಮೇಣದಬತ್ತಿ, ಬೈಬಲ್, ಒಂದು ಬಟ್ಟಲಲ್ಲಿ ನೀರು. ಓದಲು ಮನೆಯ ಮಕ್ಕಳಲ್ಲೊಬ್ಬರು ತಯಾರಿರಲಿ. ಕೋಣೆಗಳ ಬಾಗಿಲು ತೆರೆದಿಡಿ, ತೀರ್ಥ ಚಿಮುಕಿಸುವಾಗ ನೆನೆಯಬಾರದ ಕಾಗದಪತ್ರ, ಲ್ಯಾಪ್‌ಟಾಪ್ ಪಕ್ಕಕ್ಕಿಡಿ. ಮೊದಲ ತಿಂಗಳಲ್ಲೇ ಕೇಳಿಬಿಡಿ.

ನಿಯಮಾವಳಿ

ಮೊದಲ ತಿಂಗಳು ಅನ್ನುವುದನ್ನು ನಾನು ಒಪ್ಪುವುದಿಲ್ಲ. ದೊಡ್ಡ ಧರ್ಮಕೇಂದ್ರಗಳಲ್ಲಿ ಮನೆ ಭೇಟಿ ಕಿರು ಕ್ರೈಸ್ತ ಸಮುದಾಯದ (ನೆರೆಹೊರೆಯ ಕುಟುಂಬಗಳ ಗುಂಪು) ಸರದಿಯಂತೆ ನಡೆಯುತ್ತದೆ. ನಡುವೆ ಒಂದು ಮನೆ ಮಾತ್ರ ಮುಂದೆ ಹೋದರೆ ಅದೇ ಬೀದಿಯಲ್ಲಿ ವರ್ಷಗಟ್ಟಲೆ ಕಾದವರಿಗೆ ಬೇಸರ. ಮೊದಲು ವಾರ್ಡಿನ ಪ್ರಾರ್ಥನಾ ಕೂಟಕ್ಕೆ ಹೋಗಿ, ಅದರ ಮುಖಂಡರ ಮೂಲಕ ದಿನ ಕೇಳಿ. ಆಶೀರ್ವಾದ ಎರಡು ತಿಂಗಳು ತಡವಾದರೆ ಮನೆಗೇನೂ ಕುಂದಿಲ್ಲ.

ಪೀಠಸೇವೆ

ಸರದಿ ಇರುವ ಕಡೆ ನಿಮ್ಮ ಮಾತೇ ಸರಿ, ಒಪ್ಪಿದೆ. ಸರದಿ ಇಲ್ಲದ ಸಣ್ಣ ಧರ್ಮಕೇಂದ್ರದಲ್ಲಿ ಕಾಯುವ ಅಗತ್ಯ ಕಾಣುವುದಿಲ್ಲ.

ಎರಡೂ ಕಡೆಗೆ ಸಲ್ಲುವ ಮಾತು: ಶನಿವಾರ ಸಂಜೆ, ಭಾನುವಾರ, ಪವಿತ್ರ ವಾರ (ಈಸ್ಟರ್‌ಗೆ ಮುಂಚಿನ ವಾರ), ಕ್ರಿಸ್ಮಸ್ ಹಿಂದುಮುಂದಿನ ವಾರ ಬಿಡಿ. ವಾರಕ್ಕೊಂದು ರಜೆ ಇದ್ದರೆ ಅದು ಅವರು ತಾಯಿಯನ್ನು ನೋಡಲು ಹೋಗುವ ದಿನ, ನಿದ್ದೆ ಮಾಡುವ ದಿನ. ಆ ದಿನ ಕರೆಯಬೇಡಿ. ಊಟಕ್ಕೆ ಕರೆದರೆ ಏನು ತಿನ್ನುತ್ತಾರೆ, ಏನು ಬಿಟ್ಟಿದ್ದಾರೆ ಅಂತ ಮುಂಚೆ ಕೇಳಿ. ಹಬ್ಬದ ದಿನಗಳಲ್ಲಿ ಮನೆಮನೆಯಲ್ಲೂ ಸಿಹಿ ಬಡಿಸುತ್ತಾರೆ, ಸಕ್ಕರೆ ಕಾಯಿಲೆ ಇದ್ದರೂ ದಾಕ್ಷಿಣ್ಯಕ್ಕೆ ತಿಂದುಬಿಡುತ್ತಾರೆ. ಎಷ್ಟು ಹೊತ್ತಿಗೆ ಬಿಡಬೇಕು ಅಂತಲೂ ನೀವೇ ಕೇಳಿ, ಆ ಹೊತ್ತಿಗೆ ಬಿಡಿ. ಹಿಂದಿನ ಗುರುಗಳ ಬಗ್ಗೆ, ಪಕ್ಕದ ಮನೆಯವರ ಬಗ್ಗೆ, ಪಾಲನಾ ಮಂಡಳಿಯ (ಗುರುಗಳಿಗೆ ಸಲಹೆ ಕೊಡುವ ಧರ್ಮಕೇಂದ್ರದ ಕೂಟ) ಜಗಳದ ಬಗ್ಗೆ ಮೊದಲ ಊಟದಲ್ಲಿ ಮಾತು ತೆಗೆಯಬೇಡಿ.

ದಾಖಲೆ ಪುಸ್ತಕ

ಒಬ್ಬರಿಗಾಗಿ ಪೂಜೆ ಅರ್ಪಿಸಲು ಹೆಸರು ಕೊಡುವವರಿಗೆ ಒಂದು ಮಾತು, ಇಲ್ಲೂ ಗುರುಗಳ ಮೇಲೆ ಸುಮ್ಮಸುಮ್ಮನೆ ಬೇಸರ ಬೆಳೆಯುತ್ತದೆ. ಕಾಣಿಕೆ ಪೂಜೆಯ ಬೆಲೆಯಲ್ಲ. ವ್ಯಾಪಾರದ ಸುಳಿವೂ ಇರಬಾರದು ಅಂತ ಕಾನೂನೇ ಹೇಳುತ್ತದೆ. ಏನೂ ಕೊಡಲಾಗದವರ ಕೋರಿಕೆಗೂ ಪೂಜೆ ಅರ್ಪಿಸಿರಿ ಅಂತ ಗುರುಗಳಿಗೆ ಶಿಫಾರಸು ಇದೆ, ಆದ್ದರಿಂದ ಕೈ ಖಾಲಿ ಇದ್ದರೂ ಕೇಳಿ. ಕ್ರಿಸ್ಮಸ್ ದಿನವೊಂದನ್ನು ಬಿಟ್ಟು, ದಿನಕ್ಕೆ ಎಷ್ಟು ಪೂಜೆ ಮಾಡಿದರೂ ಒಂದರ ಕಾಣಿಕೆ ಮಾತ್ರ ಗುರುಗಳು ತಮಗಾಗಿ ಇಟ್ಟುಕೊಳ್ಳಬಹುದು (ಕ್ಯಾನನ್ 951). ಭಾನುವಾರದ ಒಂದು ಪೂಜೆ ಎಲ್ಲ ಜನರಿಗಾಗಿ ಮೀಸಲು ಅಂತ ಮೇಲೆ ಬಂದಿದೆ. ಹಾಗಾಗಿ ಒಂದೇ ಪೂಜೆ ಇರುವ ಕಡೆ "ಭಾನುವಾರ ಆಗುವುದಿಲ್ಲ" ಅಂದರೆ ಅದು ತಾತ್ಸಾರವಲ್ಲ. ಬೇಕಾದ ದಿನಾಂಕ ಇದ್ದರೆ ತಿಂಗಳ ಮುಂಚೆ ಬರೆಸಿ. ಹೆಸರನ್ನು ದೊಡ್ಡ ಅಕ್ಷರದಲ್ಲಿ ಚೀಟಿಯಲ್ಲಿ ಕೊಡಿ, ಬದುಕಿರುವವರಿಗೋ ತೀರಿಕೊಂಡವರಿಗೋ ಸ್ಪಷ್ಟವಾಗಿ ಬರೆಯಿರಿ. ಇದರಲ್ಲಿ ತಪ್ಪಾದರೆ ಪೂಜೆಯಲ್ಲಿ ಓದುವಾಗ ಆಗುವ ಸಂಕಟ ಊಹಿಸಿಕೊಳ್ಳಿ.

ಮದುವೆ ಇರುವ ಮನೆಗಳಿಗೆ: ಹಳೇ ಊರಿನ ಪರಿಚಯದ ಗುರುಗಳನ್ನೋ ಬಂಧುವಾದ ಗುರುಗಳನ್ನೋ ಕರೆಸಿ ಮದುವೆ ಮಾಡಿಸುವ ಆಸೆ ಇದ್ದರೆ ಇಲ್ಲಿನ ಧರ್ಮಕೇಂದ್ರದ ಗುರುಗಳು ಅವರಿಗೆ ಅಧಿಕಾರ ಕೊಡಬೇಕು. ಅಧಿಕಾರವಿರುವವರು ಮತ್ತು ಇಬ್ಬರು ಸಾಕ್ಷಿಗಳು ಇಲ್ಲದಿದ್ದರೆ ಮದುವೆ ಸಿಂಧುವೇ ಆಗುವುದಿಲ್ಲ (ಕ್ಯಾನನ್ 1108). ದಿನ ಗೊತ್ತು ಮಾಡಿ, ಛತ್ರ ಹಿಡಿದು, ಕಾರ್ಡು ಹಂಚಿ, ಆಮೇಲೆ ಗುರುಗಳನ್ನು ಕಾಣುವುದು ತಲೆಕೆಳಗು. ಮೊದಲು ಗುರುಗಳು, ಆಮೇಲೆ ಛತ್ರ.

ದೀಕ್ಷಾಸ್ನಾನಕ್ಕೆ ಜ್ಞಾನ ತಂದೆತಾಯಿ (ಗಾಡ್‌ಪೇರೆಂಟ್ಸ್) ಆಗುವವರಿಗೆ ಸಾಮಾನ್ಯವಾಗಿ 16 ತುಂಬಿರಬೇಕು, ದೃಢೀಕರಣ ಆಗಿರಬೇಕು. ಮಗುವಿನ ಸ್ವಂತ ತಂದೆತಾಯಿ ಆಗುವಂತಿಲ್ಲ. ಇದನ್ನು ನೋಡಿಕೊಂಡು ಆಮೇಲೆ ಬಂಧುಗಳಿಗೆ ಮಾತು ಕೊಡಿ.

ಸಂಧ್ಯಾಪ್ರಾರ್ಥನೆ

ಎಲ್ಲೆಯ ಬಗ್ಗೆ ಯಾರಾದರೂ ಬರೆಯಲೇಬೇಕು. ಪರಿಚಯ ಬೇರೆ, ಸಲಿಗೆ ಬೇರೆ. ತುರ್ತು ಇಲ್ಲದೆ ರಾತ್ರಿ ಸಂದೇಶ ಕಳಿಸಬೇಡಿ. ಬೆಳಗಿನ ಪೂಜೆಗೆ ಅವರು ಬೇಗ ಏಳಬೇಕು. ದಾನವನ್ನು ಕೈಗೆ ಕೊಡುವುದಕ್ಕಿಂತ ಕಚೇರಿಯಲ್ಲಿ ಕೊಟ್ಟು ರಸೀದಿ ಪಡೆಯಿರಿ, ಅದು ಅವರಿಗೂ ರಕ್ಷಣೆ. ಮಕ್ಕಳು ಗುರುಗಳ ಜೊತೆ ಮಾತಾಡುವುದು ನಾಲ್ಕು ಜನರ ಕಣ್ಣಿಗೆ ಕಾಣುವ ಜಾಗದಲ್ಲಿ ಆಗಲಿ. ಒಳ್ಳೆಯ ಗುರುಗಳು ಇದನ್ನು ತಾವೇ ಪಾಲಿಸುತ್ತಾರೆ, ತಂದೆತಾಯಿ ಕೇಳಿದರೆ ಬೇಸರ ಮಾಡಿಕೊಳ್ಳುವುದಿಲ್ಲ. ಮಕ್ಕಳ ಮೇಲೆ ದೌರ್ಜನ್ಯದ ಅನುಮಾನ ಬಂದರೆ ಅದು ಚರ್ಚಿನೊಳಗೇ ಮಾತಾಡಿ ಮುಗಿಸುವ ವಿಷಯವಲ್ಲ. ಪೊಲೀಸರಿಗೂ ಧರ್ಮಾಧ್ಯಕ್ಷರಿಗೂ (ಬಿಷಪ್) ತಿಳಿಸಬೇಕು.

ಸಾಮಾನ್ಯ ಭಿನ್ನಾಭಿಪ್ರಾಯಕ್ಕೆ ದಾರಿ ಬೇರೆ. ಮೊದಲು ಅವರನ್ನೇ ಕಂಡು, ಇಬ್ಬರೇ ಇರುವಾಗ, ಒಂದೇ ವಿಷಯ ಹೇಳಿ. ಸಾಲದಿದ್ದರೆ ಪತ್ರ ಬರೆಯಿರಿ. ಆಮೇಲೆ ಧರ್ಮಾಧ್ಯಕ್ಷರು. ತಮ್ಮ ಅಭಿಪ್ರಾಯವನ್ನು ಪಾಲಕರಿಗೆ ಗೌರವದಿಂದ ತಿಳಿಸುವ ಹಕ್ಕು ವಿಶ್ವಾಸಿಗಳಿಗೆ ಇದೆ (ಕ್ಯಾನನ್ 212). ಪಾಲನಾ ಮಂಡಳಿಗೆ ಇರುವುದು ಸಲಹೆಯ ಅಧಿಕಾರ ಮಾತ್ರ, ಅವರು ಮತ ಹಾಕಿ ಗುರುಗಳ ನಿರ್ಧಾರ ಬದಲಾಯಿಸಲಾಗದು.

ಮಾತು ಕಡಿಮೆ ಇರುವ ಗುರುಗಳೂ ಇರುತ್ತಾರೆ. ಬಾಗಿಲಲ್ಲಿ ನಗುವುದಿಲ್ಲ, ಮನೆಗೆ ಬಂದರೆ ಹತ್ತು ನಿಮಿಷದಲ್ಲಿ ಎದ್ದುಬಿಡುತ್ತಾರೆ. ಅವರನ್ನು ಪ್ರಬೋಧನೆಯ ಮೂಲಕ ತಿಳಿಯಿರಿ. ಒಂದು ಮಾತು ಮನಸ್ಸಿಗೆ ತಾಗಿದ್ದರೆ ಮುಂದಿನ ವಾರ ಆ ಮಾತನ್ನೇ ಹೇಳಿ ಪ್ರಶ್ನೆ ಕೇಳಿ. "ಪ್ರಸಂಗ ಚೆನ್ನಾಗಿತ್ತು" ಅನ್ನುವುದಕ್ಕೆ ಅವರು ಏನೂ ಉತ್ತರಿಸಲಾರರು. "ಯೇಸು ಹೇಳಿದ ಆ ದಾರಿತಪ್ಪಿದ ಮಗನ ಕಥೆಯಲ್ಲಿ ಅಣ್ಣ ಕೊನೆಗೆ ಒಳಗೆ ಹೋದನೋ ಇಲ್ಲವೋ ಫಾದರ್?" ಅಂದರೆ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಮಾತಾಡುತ್ತಾರೆ.

ಹೊಸ ಬಿಡಾರ

ಕೊನೆಯ ಪ್ರಶ್ನೆ. ಈಗಿರುವ ಗುರುಗಳಿಗೆ ಬೇಗ ವರ್ಗಾವಣೆ ಆಗುತ್ತದೆ ಅಂತ ಸುದ್ದಿ ಇದ್ದರೆ, ಹೊಸಬರು ಬರುವ ತನಕ ಕಾಯುವುದು ಒಳ್ಳೆಯದಾ?

ದಾಖಲೆ ಪುಸ್ತಕ

ಕಾಯಬೇಡಿ. ನೋಂದಣಿ ಪುಸ್ತಕ ಗುರುಗಳ ಜೊತೆ ವರ್ಗಾವಣೆ ಆಗುವುದಿಲ್ಲ. ಹೊರಡುವವರು ರೋಗಿಗಳ ಪಟ್ಟಿ, ತಯಾರಿಯಲ್ಲಿರುವ ಮದುವೆಗಳ ಕಡತ, ಬರೆಸಿದ ಪೂಜೆಗಳ ಪುಸ್ತಕ ಬರುವವರ ಕೈಗೆ ಕೊಟ್ಟು ಹೋಗಬೇಕಾಗುತ್ತದೆ. ನಿಮ್ಮ ಮನೆಯ ರೋಗಿಯ ಹೆಸರು ಆ ಪಟ್ಟಿಯಲ್ಲಿ ಇದ್ದರೆ ಹೊಸ ಗುರುಗಳೇ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಮಾತಿನಲ್ಲಿ ಒಪ್ಪಿಕೊಂಡದ್ದು ಏನಾದರೂ ಇದ್ದರೆ, ಉದಾಹರಣೆಗೆ ದೀಕ್ಷಾಸ್ನಾನದ ದಿನಾಂಕ, ಹೊರಗಿನ ಗುರುಗಳಿಗೆ ಮದುವೆ ನಡೆಸಲು ಅನುಮತಿ, ಅದನ್ನು ಈಗಲೇ ಬರವಣಿಗೆಯಲ್ಲಿ ಪಡೆದು ಒಂದು ಪ್ರತಿ ಇಟ್ಟುಕೊಳ್ಳಿ. "ಹಿಂದಿನ ಫಾದರ್ ಹೂಂ ಅಂದಿದ್ದರು" ಅನ್ನುವುದನ್ನು ಹೊಸಬರು ಎಲ್ಲಿ ನೋಡಿ ಖಚಿತ ಮಾಡಿಕೊಳ್ಳಬೇಕು?

ಮೇಣದಬತ್ತಿ

ಜೊತೆಗೆ, ಹೊಸಬರು ಬಂದ ಮೊದಲ ತಿಂಗಳು ಹಾಸಿಗೆ ಹಿಡಿದವರ ಮನೆಯವರು ಒಮ್ಮೆ ಕಚೇರಿಗೆ ಫೋನ್ ಮಾಡಿ. ಪಟ್ಟಿಯಲ್ಲಿ ಹೆಸರು ಇದೆಯೇ, ವಿಳಾಸ ಸರಿ ಇದೆಯೇ ಕೇಳಿ. ಗುಣವಾದವರ, ತೀರಿಕೊಂಡವರ ಹೆಸರನ್ನು ತೆಗೆಸಿ. ತೀರಿಕೊಂಡವರಿಗೆ ಪರಮಪ್ರಸಾದ ಹಿಡಿದು ಬಾಗಿಲಿಗೆ ಬಂದು ನಿಂತರೆ ಆ ಮನೆಯವರಿಗೂ ಗುರುಗಳಿಗೂ ಎಷ್ಟು ನೋವು.

ಹೊಸ ಬಿಡಾರ

ಹಾಳೆ ಬರೆದಿಟ್ಟಾಯಿತು, ದೃಢೀಕರಣದ ಒಂದು ದಿನಾಂಕ ಮಾತ್ರ ಬಾಕಿ. ಅದು ದೀಕ್ಷಾಸ್ನಾನದ ಚರ್ಚಿನ ಪುಸ್ತಕದಲ್ಲೇ ಇರಬೇಕು ಅಂತ ಇಲ್ಲಿ ತಿಳಿಯಿತು, ಅಲ್ಲಿಗೆ ಬರೆದು ಕೇಳುತ್ತೇವೆ.